ಒಂದು ಸಹಿ, ಎಂಟು ಕರ್ನಾಟಕ

ಒಟ್ಟು ನಾಲ್ಕೇ ಕಲಮುಗಳು. ಅಚ್ಚು ಹಾಕಿಸಿದರೆ ಒಂದು ಹಾಳೆಯಲ್ಲಿ ಮುಗಿದುಹೋಗುತ್ತದೆ. ನಮ್ಮಲ್ಲಿ ಬಾಡಿಗೆ ಮನೆಯ ಕರಾರುಪತ್ರವೇ ಅದಕ್ಕಿಂತ ಉದ್ದ ಇರುತ್ತದೆ. 1906ರ ಜೂನ್ 8ರಂದು ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಸಹಿ ಹಾಕಿದ ಆಂಟಿಕ್ವಿಟೀಸ್ ಆಕ್ಟ್, ಅಂದರೆ ಪುರಾತನ ಕುರುಹುಗಳನ್ನು ಕಾಯುವ ಕಾನೂನು, ಇಷ್ಟೇ ಇಷ್ಟು. ಸರ್ಕಾರದ ಒಡೆತನದ ನೆಲದಲ್ಲಿ ಚರಿತ್ರೆಯ ಗುರುತೋ ವಿಜ್ಞಾನಕ್ಕೆ ಬೇಕಾದ ಅಪೂರ್ವ ವಸ್ತುವೋ ಇದ್ದರೆ ಅಧ್ಯಕ್ಷರು ಅದನ್ನು ರಾಷ್ಟ್ರೀಯ ಸ್ಮಾರಕ ಎಂದು ಸಾರಬಹುದು. ಸಂಸತ್ತಿನ ಒಪ್ಪಿಗೆಗೆ ಕಾಯಬೇಕಿಲ್ಲ, ಒಂದು ಸಹಿ ಸಾಕು. ಅಪ್ಪಣೆಯಿಲ್ಲದೆ ಅಗೆದವರಿಗೆ ಹೆಚ್ಚೆಂದರೆ 500 ಡಾಲರ್ ದಂಡ, 90 ದಿನ ಸೆರೆ. ಎಷ್ಟು ಜಾಗ ಬೇಲಿಯೊಳಗೆ ಬರಬೇಕು ಎಂಬುದಕ್ಕೂ ಕಾನೂನು ಕಟ್ಟು ಹಾಕಿದೆ: ಕಾಪಾಡಲು ಎಷ್ಟು ಕಡಿಮೆ ಸಾಕೋ ಅಷ್ಟು ಮಾತ್ರ.

ಆ ಕಡಿಮೆ ಜಾಗ ಮುಂದೆ ಎಷ್ಟಾಯಿತು ಎಂದು ಲೆಕ್ಕ ಹಾಕುತ್ತ ಹೋದರೆ ಬೆರಳುಗಳು ಮೊದಲ ಐದು ನಿಮಿಷದಲ್ಲೇ ಮುಗಿದುಹೋಗುತ್ತವೆ.

ಶುರುವಾದದ್ದು ಸಣ್ಣದಾಗಿಯೇ. ಅದೇ ವರ್ಷದ ಸೆಪ್ಟೆಂಬರ್ 24ರಂದು ವಯೋಮಿಂಗ್‌ನ ಡೆವಿಲ್ಸ್ ಟವರ್ ಮೊದಲ ರಾಷ್ಟ್ರೀಯ ಸ್ಮಾರಕವಾಯಿತು. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಕಲ್ಲಿನ ಕಂಬ ಅದು. ಬುಡದಿಂದ ನೆತ್ತಿಗೆ 867 ಅಡಿ. ಶ್ರವಣಬೆಳಗೊಳದ ಗೊಮ್ಮಟ 57 ಅಡಿ, ಆದ್ದರಿಂದ ಹದಿನೈದು ಗೊಮ್ಮಟರು ಒಬ್ಬರ ತಲೆಯ ಮೇಲೊಬ್ಬರು ನಿಂತರೂ ಮೇಲೆ ಇನ್ನೂ ಹನ್ನೆರಡು ಅಡಿ ಉಳಿಯುತ್ತದೆ. ಲಕೋಟಾ, ಶೈಯೆನ್, ಕಿಯೋವಾ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಮೂಲನಿವಾಸಿ ಬುಡಕಟ್ಟುಗಳಿಗೆ ಇದರೊಡನೆ ನಂಟಿದೆ, ಹಲವರಿಗೆ ಇದು ದೇವರ ತಾಣ. ರೂಸ್‌ವೆಲ್ಟ್ ಕಾಪಿಟ್ಟ ಜಾಗ 1,153 ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ಹೆಚ್ಚುಕಡಿಮೆ ಐದು ಲಾಲ್‌ಬಾಗ್, ಅಷ್ಟೇ. ಈ ಅಳತೆ ನೆನಪಿರಲಿ, ಬಲು ಬೇಗ ಸಾಲದೆ ಹೋಗುತ್ತದೆ.

ಮರುವರ್ಷ, 1907ರ ಮಾರ್ಚ್‌ನಲ್ಲಿ, ನ್ಯೂ ಮೆಕ್ಸಿಕೋದ ಚಾಕೋ ಕಣಿವೆಯ ಸರದಿ. ಅಲ್ಲಿ ಸಾವಿರ ವರ್ಷಗಳ ಹಿಂದೆ ಕಟ್ಟಿದ ಕಲ್ಲಿನ ಬೃಹತ್ ಮನೆಗಳಿವೆ. ಪ್ವೆಬ್ಲೊ ಬೊನಿಟೊ ಎಂಬ ಒಂದರಲ್ಲೇ 600ಕ್ಕೂ ಹೆಚ್ಚು ಕೋಣೆಗಳು. ಸುತ್ತ ಬರೀ ಬರಡು ನೆಲ, ಮರವೆಂಬುದೇ ಇಲ್ಲ. ಹಾಗಾದರೆ ಮಾಡುಗಳಿಗೆ ತೊಲೆ ಎಲ್ಲಿಂದ ಬಂತು? ಸುಮಾರು 75 ಕಿಲೋಮೀಟರ್ ಮತ್ತು ಅದಕ್ಕಿಂತ ದೂರದ ಬೆಟ್ಟಗಳಿಂದ. ಬೆಂಗಳೂರಿಂದ ಮೈಸೂರಿಗೆ ಅರ್ಧ ಹಾದಿ. ಚಕ್ರದ ಗಾಡಿ ಇಲ್ಲ, ಎತ್ತು ಇಲ್ಲ, ಕುದುರೆ ಇಲ್ಲ, ಎಲ್ಲವೂ ಹೆಗಲ ಮೇಲೆ. ಹಾಗೆ ಹೊತ್ತು ತಂದ ಮರಗಳು ಒಂದಲ್ಲ, ನೂರಲ್ಲ, ಎರಡು ಲಕ್ಷಕ್ಕೂ ಮಿಕ್ಕಿವೆ ಎಂದು ಪುರಾತತ್ತ್ವಜ್ಞರು ಅಂದಾಜಿಸಿದ್ದಾರೆ! ದಿನಕ್ಕೊಂದು ತೊಲೆ ಬಂದಿಳಿದಿದ್ದರೆ ಕೊನೆಯದು ಮುಟ್ಟುವ ಹೊತ್ತಿಗೆ 547 ವರ್ಷ. ಇಂಥ ಗೋಡೆಗಳನ್ನು ಅಗೆದು ಮಡಕೆ ಕುಡಿಕೆ ಮಾರಿಕೊಳ್ಳುವವರ ಹಾವಳಿ ಮಿತಿಮೀರಿದ್ದರಿಂದಲೇ ಆ ಒಂದು ಹಾಳೆಯ ಕಾನೂನು ಹುಟ್ಟಿದ್ದು.

ಆಮೇಲೆ ಬಂತು 1908ರ ಜನವರಿ 11. ರೂಸ್‌ವೆಲ್ಟ್ ಅದೇ ಲೇಖನಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಹೆಸರು ಬರೆದರು. ಒಂದೇ ಏಟಿಗೆ 8,08,120 ಎಕರೆ. ಲಾಲ್‌ಬಾಗ್ ಲೆಕ್ಕದಲ್ಲಿ 3,367. ಮೊದಲ ಸ್ಮಾರಕದ ಏಳುನೂರು ಪಟ್ಟು, ಅದೂ ಹದಿನಾರು ತಿಂಗಳೊಳಗೆ.

ಈ ಕೊರಕಲಿನ ಉದ್ದ ನದಿಯ ಗುಂಟ ಅಳೆದರೆ 446 ಕಿಲೋಮೀಟರ್. ಬೆಂಗಳೂರಿನಲ್ಲಿ ಬಸ್ಸು ಹತ್ತಿ ಧಾರವಾಡ ದಾಟುವವರೆಗೂ ಎಡಬಲಕ್ಕೆ ಕಲ್ಲಿನ ಗೋಡೆ ನೋಡುತ್ತಲೇ ಹೋಗಬಹುದು. ಅಗಲ ಕೆಲವೆಡೆ 29 ಕಿಲೋಮೀಟರ್. ಆಳ 6,000 ಅಡಿ ಮುಟ್ಟುವ ಕಡೆ ಏಳು ಜೋಗದ ಗುಂಡಿಗಳನ್ನು ಒಂದರ ಕೆಳಗೊಂದು ಜೋಡಿಸಬಹುದು. ಆದರೆ ಉದ್ದ ಅಗಲ ಆಳ ಬಿಡಿಬಿಡಿಯಾಗಿ ಏನನ್ನೂ ಹೇಳುವುದಿಲ್ಲ, ಮೂರನ್ನೂ ಗುಣಿಸಿದಾಗಲೇ ಎದೆ ಝಲ್ಲೆನ್ನುವುದು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಲೆಕ್ಕದಂತೆ ಆ ಖಾಲಿ ಜಾಗದ ಗಾತ್ರ 4.17 ಲಕ್ಷ ಕೋಟಿ ಘನ ಮೀಟರ್. ನಮ್ಮ ಕೃಷ್ಣರಾಜಸಾಗರ ಬಾಯಿತುಂಬ ತುಂಬಿದರೆ 49 ಟಿಎಂಸಿ ಚಿಲ್ಲರೆ, ಅಂದರೆ ಸುಮಾರು 140 ಕೋಟಿ ಘನ ಮೀಟರ್. ಭಾಗಿಸಿ ನೋಡಿ. ಕನ್ನಂಬಾಡಿಯ ನೀರನ್ನು ಪೂರ್ತಿ ಈ ಕಣಿವೆಗೆ ಸುರಿಯಬೇಕು, ಮತ್ತೆ ತುಂಬಿಸಿ ಮತ್ತೆ ಸುರಿಯಬೇಕು, ಹೀಗೆ ಹತ್ತಿರಹತ್ತಿರ 3,000 ಸಲ! ವರ್ಷಕ್ಕೊಂದು ಸಲ ಅಣೆಕಟ್ಟು ತುಂಬುತ್ತದೆ ಎಂದುಕೊಂಡರೂ, ಬುದ್ಧ ಹುಟ್ಟುವ ಮೊದಲೇ ಶುರುಮಾಡಿದ್ದರೆ ಈಗ ಕೆಲಸ ಮುಗಿಯುತ್ತಿತ್ತು.

ಕಣಿವೆಯ ತಳದ ಕಲ್ಲಿಗೆ ಸುಮಾರು 180 ಕೋಟಿ ವರ್ಷ. ವರ್ಷಕ್ಕೊಂದು ಸೆಕೆಂಡಿನಂತೆ ಹಿಂದಕ್ಕೆ ಎಣಿಸುತ್ತ ಹೋಗೋಣ. ಹನ್ನೊಂದೂವರೆ ನಿಮಿಷದಲ್ಲಿ ವಿಜಯನಗರ ಸಾಮ್ರಾಜ್ಯ ಶುರುವಾದ ಗಳಿಗೆ ಸಿಗುತ್ತದೆ. ಮನುಷ್ಯಕುಲ ಹುಟ್ಟಿದ ಕಾಲಕ್ಕೆ ಮೂರೂವರೆ ದಿನ. ಈ ಕಲ್ಲು ಹುಟ್ಟಿದ ಕಾಲ ಸಿಗಬೇಕಾದರೆ ಊಟ ನಿದ್ದೆ ಬಿಟ್ಟು 57 ವರ್ಷ ಎಣಿಸಬೇಕು. ಇಲ್ಲಿ ನಮ್ಮ ಲಾಲ್‌ಬಾಗಿಗೂ ಒಂದು ಮಾತು ಸಲ್ಲಬೇಕು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ಗ್ರ್ಯಾಂಡ್ ಕ್ಯಾನಿಯನ್‌ನ ಅತ್ಯಂತ ಹಳೆಯ ಕಲ್ಲಿಗಿಂತ ನೂರು ಕೋಟಿ ವರ್ಷ ಹಿರಿದಾದ ನೆಲದ ಮೇಲೆ ದಿನಾ ಬೆಳಿಗ್ಗೆ ಬೆಂಗಳೂರಿನ ಜನ ವಾಕಿಂಗ್ ಮಾಡುತ್ತಾರೆ!

ಇಷ್ಟು ದೊಡ್ಡ ಜಾಗ ಬೇಲಿಯೊಳಗೆ ಹೋದದ್ದನ್ನು ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ರಾಲ್ಫ್ ಕ್ಯಾಮರೂನ್ ಎಂಬಾತ ಕಣಿವೆಯ ಅಂಚಿನಲ್ಲೂ ಇಳಿಯುವ ಹಾದಿಯಲ್ಲೂ ಗಣಿ ಹಕ್ಕು ಹೂಡಿ, ಹಾದಿಗೆ ಸುಂಕ ವಸೂಲಿ ಮಾಡುತ್ತಿದ್ದ. ಎಂಟು ಲಕ್ಷ ಎಕರೆ ಒಂದು ಸ್ಮಾರಕವೇ ಎಂದು ಕೋರ್ಟಿನಲ್ಲಿ ವಾದಿಸಿದ. 1920ರಲ್ಲಿ ಸುಪ್ರೀಂ ಕೋರ್ಟ್ ಅವನ ವಾದವನ್ನು ತಳ್ಳಿಹಾಕಿತು. ವಸ್ತುವೇ ಅಷ್ಟು ದೊಡ್ಡದಾದರೆ ಬೇಲಿಯೂ ಅಷ್ಟು ದೊಡ್ಡದು. ಅಂದಿನಿಂದ ಆ ಒಂದು ಹಾಳೆಗೆ ಆಕಾಶವೇ ಎಲ್ಲೆಯಾಯಿತು.

ಈಗ ಲಾಲ್‌ಬಾಗನ್ನು ಬದಿಗಿಟ್ಟು ಕೊಡಗನ್ನು ಅಳತೆಗೆ ತೆಗೆದುಕೊಳ್ಳೋಣ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಯೆಲ್ಲೋಸ್ಟೋನ್ 8,991. ಎರಡು ಕೊಡಗು, ಮೇಲೊಂದಿಷ್ಟು ಕೊಸರು. ಇದು ಅಧ್ಯಕ್ಷರ ಸ್ಮಾರಕವಲ್ಲ, 1872ರ ಮಾರ್ಚ್ 1ರಂದು ಸಂಸತ್ತೇ ಕಾನೂನು ಮಾಡಿ ಕಾಪಿಟ್ಟ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. ಹತ್ತು ಸಾವಿರಕ್ಕೂ ಹೆಚ್ಚು ಬಿಸಿನೀರ ಬುಗ್ಗೆ, ಹಬೆಕಂಡಿ, ಕುದಿಕೆಸರಿನ ಹೊಂಡಗಳು ಇಲ್ಲಿವೆ. ಚಿಮ್ಮುವ ಬುಗ್ಗೆಗಳೇ 500ಕ್ಕೂ ಹೆಚ್ಚು, ಅಂದರೆ ಇಡೀ ಭೂಮಿಯ ಮೇಲಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡು ಕೊಡಗಿನಲ್ಲೇ! ನೆಲ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ನಡುಗುತ್ತದೆ. ಹನ್ನೊಂದು ಸಾವಿರ ವರ್ಷಗಳಿಂದ ಮನುಷ್ಯರು ಇಲ್ಲಿ ಓಡಾಡಿದ್ದಾರೆ, 27 ಬುಡಕಟ್ಟುಗಳಿಗೆ ಈ ನೆಲದೊಡನೆ ಸಂಬಂಧವಿದೆ. ಅವರನ್ನು ಹೊರಗಿಟ್ಟು ಉದ್ಯಾನ ಮಾಡಿದ್ದು ಅನ್ಯಾಯವೇ, ಅಂಕಿ ಎಷ್ಟೇ ದೊಡ್ಡದಿದ್ದರೂ ಅದು ಮುಚ್ಚಿಹೋಗುವುದಿಲ್ಲ.

ಒಂದು ಸಣ್ಣ ಅಂಕಿ ಕೂಡ ಇಲ್ಲಿ ಬೆಚ್ಚಿಬೀಳಿಸುತ್ತದೆ. ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಒಂದು ಕಾಲಕ್ಕೆ ಮೂರು ಕೋಟಿಗೂ ಹೆಚ್ಚು ಕಾಡೆಮ್ಮೆಗಳು, ಅಲ್ಲಿಯವರು ಬೈಸನ್ ಎನ್ನುವ ಪ್ರಾಣಿ, ಮೇಯುತ್ತಿದ್ದವು. ಬಂದೂಕುಗಳು ಸದ್ದು ಮಾಡಿದ ಮೇಲೆ, 1902ರ ಹೊತ್ತಿಗೆ, ಯೆಲ್ಲೋಸ್ಟೋನ್‌ನಲ್ಲಿ ಉಳಿದ ಕಾಡು ಬೈಸನ್‌ಗಳು ಇಪ್ಪತ್ತೈದಕ್ಕಿಂತ ಕಡಿಮೆ. ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ ಕಟ್ಟಬಹುದಾದಷ್ಟು! ಇಂದು ಅಲ್ಲಿ ಸುಮಾರು 5,000. ಇನ್ನೂರು ಪಟ್ಟು.

ಸರ್ಕಾರಿ ನೆಲದಲ್ಲಿ ಉಳಿದುಕೊಂಡ ಮರಗಳ ಕಡೆಗೆ ಸ್ವಲ್ಪ ತಿರುಗಲೇಬೇಕು, ಏಕೆಂದರೆ ಅಲ್ಲಿನ ಲೆಕ್ಕಗಳು ನಂಬಿಕೆಯನ್ನೇ ಪರೀಕ್ಷಿಸುತ್ತವೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಉದ್ಯಾನದ ಹೈಪೀರಿಯನ್ ಎಂಬ ಮರ 380 ಅಡಿ ಎತ್ತರ, ಆರೂವರೆ ಗೊಮ್ಮಟ. ಬದುಕಿರುವ ಮರಗಳಲ್ಲಿ ಅದಕ್ಕಿಂತ ಎತ್ತರದ್ದು ಮನುಷ್ಯರಿಗೆ ಗೊತ್ತಿಲ್ಲ. 1978ರಲ್ಲಿ ಉದ್ಯಾನದ ಎಲ್ಲೆಯನ್ನು ಹಿಗ್ಗಿಸಿದಾಗ ಒಳಗೆ ಬಂದ ನೆಲದಲ್ಲಿ ಅದು ನಿಂತಿದೆ. ಇನ್ನು ಸಿಕೋಯಾ ಉದ್ಯಾನದ ಜನರಲ್ ಶೆರ್ಮನ್. ಎತ್ತರ 275 ಅಡಿ, ಬುಡದ ಸುತ್ತಳತೆ 102 ಅಡಿ. ಕಾಂಡವೊಂದರದ್ದೇ ತೂಕ ಸುಮಾರು 1,250 ಟನ್ ಎಂಬ ಅಂದಾಜಿದೆ. ಆನೆಗೆ ನಾಲ್ಕು ಟನ್ ಎಂದರೆ ಮುನ್ನೂರಕ್ಕೂ ಹೆಚ್ಚು ಆನೆ. ಮೈಸೂರು ದಸರೆಗೆ ಹದಿನಾಲ್ಕು ಆನೆ ಬರುತ್ತವೆ ಎಂದುಕೊಂಡರೆ ಇಪ್ಪತ್ತೆರಡು ದಸರೆಗಳ ಆನೆಗಳೆಲ್ಲ ಸೇರಿ ಈ ಒಂದು ಮರಕ್ಕೆ ಸಮ. 2021ರ ಸೆಪ್ಟೆಂಬರ್‌ನಲ್ಲಿ ಕಾಡ್ಗಿಚ್ಚು ಹತ್ತಿರ ಬಂದಾಗ ಸಿಬ್ಬಂದಿ ಆ ನೂರು ಅಡಿ ಬುಡಕ್ಕೆ ಅಲ್ಯೂಮಿನಿಯಂ ಹೊದಿಕೆ ಸುತ್ತಿ ಕಾಪಾಡಿದರು!

ಶೆರ್ಮನ್ ದೊಡ್ಡದೇ? ಯೂಟಾದ ಫಿಶ್‌ಲೇಕ್ ಸರ್ಕಾರಿ ಕಾಡಿನಲ್ಲಿ ಪಾಂಡೊ ಇದೆ. ನೋಡಿದರೆ ಆಸ್ಪೆನ್ ಮರಗಳ ತೋಪು, ಸುಮಾರು 47,000 ಕಾಂಡಗಳು. ಆದರೆ ಎಲ್ಲದಕ್ಕೂ ಬೇರು ಒಂದೇ, ಆದ್ದರಿಂದ ಅದು ಒಂದೇ ಜೀವ! ಹರಡಿರುವುದು 106 ಎಕರೆ. ಕೇತೋಹಳ್ಳಿಯ ದೊಡ್ಡ ಆಲದ ಮರ ಮೂರು ಎಕರೆ ಹಬ್ಬಿದೆ ಎಂದು ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಅಂಥ ಮೂವತ್ತೈದು ದೊಡ್ಡ ಆಲದ ಮರಗಳು ಸೇರಿದರೆ ಒಂದು ಪಾಂಡೊ. ತೂಕ ಸುಮಾರು 6,000 ಟನ್, ಅಂದರೆ 1,500 ಆನೆ. ಇಡೀ ಕರ್ನಾಟಕದ ಕಾಡುಗಳಲ್ಲಿರುವ ಆನೆಗಳೇ ಆರು ಸಾವಿರದ ಆಸುಪಾಸು, ಅವುಗಳಲ್ಲಿ ಕಾಲು ಭಾಗ ತಕ್ಕಡಿಯ ಒಂದು ಕಡೆ, ಒಂದೇ ಒಂದು ಮರ ಇನ್ನೊಂದು ಕಡೆ.

ಇನ್ನು ವಯಸ್ಸು. ಇನ್ಯೊ ಸರ್ಕಾರಿ ಕಾಡಿನ ಬೆಟ್ಟದ ಮೇಲೆ ಮೆಥೂಸಲಾ ಎಂಬ ಪೈನ್ ಮರಕ್ಕೆ 4,850 ವರ್ಷದ ಸುಮಾರು. ಹಲ್ಮಿಡಿ ಶಾಸನವನ್ನು ಕಲ್ಲಿಗೆ ಕೆತ್ತುವ ದಿನ ಆ ಮರಕ್ಕೆ ಆಗಲೇ 3,200 ದಾಟಿತ್ತು. ಈಜಿಪ್ಟಿನ ಮಹಾ ಪಿರಮಿಡ್ಡಿಗೆ ಮೊದಲ ಕಲ್ಲು ಇಡುವಾಗಲೂ ಅದು ನೂರಾರು ವರ್ಷದ ಮರ. ಅದು ನಿಂತಿರುವ ಜಾಗವನ್ನು ಅರಣ್ಯ ಇಲಾಖೆ ಯಾರಿಗೂ ಹೇಳುವುದಿಲ್ಲ, ಒಳ್ಳೆಯದೇ ಮಾಡಿದೆ.

ಮತ್ತೆ ಆ ಒಂದು ಹಾಳೆಗೆ ಬರೋಣ. ಯೂಟಾದಲ್ಲಿ ಬೇರ್ಸ್ ಇಯರ್ಸ್ ಎಂಬ ಜೋಡಿ ಗುಡ್ಡಗಳಿವೆ. ಹೋಪಿ, ನವಾಹೋ, ಝೂನಿ ಮತ್ತು ಯೂಟ್ ಜನರ ಎರಡು ಬುಡಕಟ್ಟುಗಳು ಒಟ್ಟುಗೂಡಿ ಇದನ್ನು ಉಳಿಸಿಕೊಡಿ ಎಂದು ಕೇಳಿದವು. 2016ರ ಡಿಸೆಂಬರ್ 28ರಂದು ಬರಾಕ್ ಒಬಾಮ 13.5 ಲಕ್ಷ ಎಕರೆಗೆ ಸಹಿ ಹಾಕಿದರು. ಒಂದು ಕೊಡಗು, ಜೊತೆಗೆ ಇನ್ನೂ ಮೂರನೆಯ ಒಂದು ಭಾಗ. ಈ ನೆಲದಲ್ಲಿ ಬಂಡೆಗೂಡಿನ ಮನೆಗಳು, ಕಲ್ಲಿನ ಮೇಲಿನ ಚಿತ್ರಗಳು, ಕಣಜಗಳು, ಸಮಾಧಿಗಳು ಸೇರಿ ಒಂದು ಲಕ್ಷಕ್ಕೂ ಹೆಚ್ಚು ಪುರಾತತ್ತ್ವ ನೆಲೆಗಳಿವೆ ಎಂಬ ಅಂದಾಜಿದೆ. ದಿನಕ್ಕೊಂದರಂತೆ ರಜೆಯಿಲ್ಲದೆ ನೋಡಿದರೆ 273 ವರ್ಷ ಬೇಕು. ಟಿಪ್ಪು ಹುಟ್ಟಿದ ಕಾಲದಲ್ಲಿ ಶುರುಮಾಡಿದವರು ಈಚೆಗಷ್ಟೇ ಕೊನೆಯ ಬಂಡೆಯ ಮುಂದೆ ನಿಂತಿರುತ್ತಿದ್ದರು.

ಬೇಲಿ ಹಾಕುವ ವೇಗಕ್ಕೆ ಬೆರಗಾದವರು ಬೇಲಿ ಕೀಳುವ ವೇಗವನ್ನೂ ನೋಡಬೇಕು. ಒಂದು ವರ್ಷವೂ ತುಂಬಿರಲಿಲ್ಲ. 2017ರ ಡಿಸೆಂಬರ್ 4ರಂದು ಡೊನಾಲ್ಡ್ ಟ್ರಂಪ್ ಬೇರ್ಸ್ ಇಯರ್ಸನ್ನು ಶೇಕಡಾ 85ರಷ್ಟು ಕತ್ತರಿಸಿದರು, ಪಕ್ಕದ ಗ್ರ್ಯಾಂಡ್ ಸ್ಟೇರ್‌ಕೇಸ್ ಎಸ್ಕಲಾಂಟೆ ಸ್ಮಾರಕವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿದರು. ಎರಡರಿಂದಲೂ ಸೇರಿ ಕಾವಲು ತಪ್ಪಿದ ನೆಲ ಸುಮಾರು 20 ಲಕ್ಷ ಎಕರೆ. ಬೆಳಿಗ್ಗೆ ಇದ್ದ ಎರಡು ಕೊಡಗು ಸಂಜೆಗೆ ಇಲ್ಲ! 2021ರ ಅಕ್ಟೋಬರ್ 8ರಂದು ಜೋ ಬೈಡನ್ ಸಹಿ ಹಾಕಿದ್ದೇ ಎರಡೂ ಮರಳಿ ಬಂದವು. ಮರುವರ್ಷ ಐದೂ ಬುಡಕಟ್ಟುಗಳು ಸರ್ಕಾರದ ಜೊತೆ ಸೇರಿ ಬೇರ್ಸ್ ಇಯರ್ಸ್ ನೋಡಿಕೊಳ್ಳುವ ಒಪ್ಪಂದಕ್ಕೆ ಬಂದವು. ಸಾವಿರಾರು ವರ್ಷ ಬಾಳಿದ ಗೋಡೆಗಳ ಭವಿಷ್ಯ ಐದು ವರ್ಷದೊಳಗೆ ಮೂರು ಸಲ ತಿರುಗಿದ್ದು ಈ ಬರಹದ ಎಲ್ಲ ಅಂಕಿಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಅಂಕಿ.

ಕೊಡಗೂ ಸಾಲದೆ ಹೋಗುವ ದಿನ 1978ರ ಡಿಸೆಂಬರ್ 1. ಅಲಾಸ್ಕದ ನೆಲವನ್ನು ಹೇಗೆ ಹಂಚಬೇಕೆಂದು ಸಂಸತ್ತು ತೀರ್ಮಾನಿಸಲಾಗದೆ ಕುಳಿತಿತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1906ರ ಹಾಳೆಯನ್ನು ತೆಗೆದರು, ಒಂದೇ ದಿನ 17 ಸ್ಮಾರಕಗಳನ್ನು ಸಾರಿದರು. ಒಟ್ಟು 5.6 ಕೋಟಿ ಎಕರೆ. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ನಮ್ಮ ಇಡೀ ರಾಜ್ಯ 4.74 ಕೋಟಿ ಎಕರೆ. ಒಂದು ಕರ್ನಾಟಕವನ್ನು ಪೂರ್ತಿ ಬೇಲಿಯೊಳಗಿಟ್ಟು, ಇನ್ನೂ ಎಂಟು ಕೊಡಗು ಮಿಕ್ಕಿತು, ಒಂದೇ ಹಗಲಿನಲ್ಲಿ! ಅಲಾಸ್ಕದ ಹಲವರು ಕೆರಳಿ ಫೇರ್‌ಬ್ಯಾಂಕ್ಸ್ ಊರಿನಲ್ಲಿ ಕಾರ್ಟರ್ ಅವರ ಪ್ರತಿಕೃತಿ ಸುಟ್ಟರು. ಕಾರ್ಟರ್ ಹಿಂದೆ ಸರಿಯಲಿಲ್ಲ. 1980ರ ಡಿಸೆಂಬರ್ 2ರಂದು ಸಂಸತ್ತಿನ ಕಾನೂನಿನಿಂದಲೇ 10.4 ಕೋಟಿ ಎಕರೆ ಕಾವಲಿಗೆ ಬಂತು, ಎರಡು ಕರ್ನಾಟಕಕ್ಕೂ ಹೆಚ್ಚು. ಅಲ್ಲಿನ ಊರುಗಳ ಜನ ಹೊಟ್ಟೆಪಾಡಿಗೆ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನೂ ಆ ಕಾನೂನು ಉಳಿಸಿಕೊಟ್ಟಿತು. ಅದರಲ್ಲೊಂದು ತುಣುಕು ರ‍್ಯಾಂಗಲ್ ಸೇಂಟ್ ಎಲಿಯಾಸ್ ಉದ್ಯಾನ. ಅದೊಂದೇ 53,000 ಚದರ ಕಿಲೋಮೀಟರ್, ಹದಿಮೂರು ಕೊಡಗು. ಸ್ವಿಟ್ಜರ್ಲೆಂಡ್ ದೇಶವನ್ನು ಅದರೊಳಗಿಟ್ಟರೆ ಸುತ್ತ ಇನ್ನೂ ಮೂರು ಕೊಡಗಿನಷ್ಟು ಅಂಗಳ ಉಳಿಯುತ್ತದೆ. ಅಲ್ಲಿನ ಮಾಲಸ್ಪೀನಾ ಹಿಮನದಿ ಒಂದೇ ಹೆಚ್ಚುಕಡಿಮೆ ಒಂದು ಕೊಡಗು, ಪೂರ್ತಿ ಮಂಜು.

ಕಾಡು, ಉದ್ಯಾನ, ಸ್ಮಾರಕ, ಮೇವಿನ ಬಯಲು, ಎಲ್ಲ ಸೇರಿಸಿದರೆ ಅಮೆರಿಕದ ಕೇಂದ್ರ ಸರ್ಕಾರದ ಕೈಯಲ್ಲಿರುವ ನೆಲ ಸುಮಾರು 64 ಕೋಟಿ ಎಕರೆ. ದೇಶದ ಶೇಕಡಾ 28. ಹದಿಮೂರೂವರೆ ಕರ್ನಾಟಕ, ಇಡೀ ಭಾರತದ ಐದರಲ್ಲಿ ನಾಲ್ಕು ಪಾಲು. ಸೆಕೆಂಡಿಗೊಂದು ಎಕರೆಯಂತೆ ಕಣ್ಣಾಡಿಸಿದರೂ, ರೆಪ್ಪೆ ಮುಚ್ಚದೆ 20 ವರ್ಷ ನೋಡಬೇಕು. ಇದೆಲ್ಲಕ್ಕೂ ಒಂದೇ ಬಗೆಯ ಕಾವಲಿಲ್ಲ, ಬಹುಪಾಲು ನೆಲದಲ್ಲಿ ಮೇವು, ಮರ, ಗಣಿಗಾರಿಕೆ ನಡೆಯುತ್ತವೆ. ಇದರಲ್ಲಿ 24.5 ಕೋಟಿ ಎಕರೆಯನ್ನು ನೋಡಿಕೊಳ್ಳುವ ಭೂ ನಿರ್ವಹಣಾ ಇಲಾಖೆಯಲ್ಲಿ ಕಾನೂನು ಕಾಯುವ ಸಿಬ್ಬಂದಿ ಮುನ್ನೂರರ ಆಸುಪಾಸು. ತಲೆಗೆ ಎಂಟು ಲಕ್ಷ ಎಕರೆ! ಅಂದು ಇಡೀ ಗ್ರ್ಯಾಂಡ್ ಕ್ಯಾನಿಯನ್‌ಗೆ ರೂಸ್‌ವೆಲ್ಟ್ ಹಾಕಿದ ಬೇಲಿಯಷ್ಟು ಜಾಗ ಒಬ್ಬೊಬ್ಬರ ಪಾಲಿಗೆ. ಇತ್ತ ಉದ್ಯಾನ ಸೇವೆಯ ತಾಣಗಳಿಗೆ 2024ರಲ್ಲಿ ಬಂದ ಭೇಟಿಗಳು 33.19 ಕೋಟಿ. 2011ರ ಜನಗಣತಿಯ ಇಡೀ ಕರ್ನಾಟಕ ಐದು ಸಲ ಹೋಗಿ ಬಂದರೂ ಆ ಸಂಖ್ಯೆ ಮುಟ್ಟುವುದಿಲ್ಲ.

ನೆಲ ಮುಗಿಯಿತು. ಹಾಳೆ ಮುಗಿಯಲಿಲ್ಲ. ಅದು ನೀರಿಗಿಳಿಯಿತು. 2006ರ ಜೂನ್ 15ರಂದು ಜಾರ್ಜ್ ಡಬ್ಲ್ಯೂ. ಬುಷ್ ಹವಾಯಿಯ ವಾಯವ್ಯಕ್ಕೆ ಹಬ್ಬಿದ ದ್ವೀಪಸಾಲನ್ನೂ ಸುತ್ತಲ ಸಮುದ್ರವನ್ನೂ ಅದೇ 1906ರ ಕಾನೂನಿನಡಿ ಸ್ಮಾರಕ ಮಾಡಿದರು. ಹೆಸರು ಪಾಪಾಹಾನೌಮೊಕುವಾಕೆಯಾ. 3.6 ಲಕ್ಷ ಚದರ ಕಿಲೋಮೀಟರ್, ಒಂದೇ ಪೆಟ್ಟಿಗೆ ಎರಡು ಕರ್ನಾಟಕದ ಹತ್ತಿರ. ಹವಾಯಿ ಮೂಲದವರಿಗೆ ಇದು ಪೂರ್ವಿಕರ ತಾಣ, ಸತ್ತವರ ಆತ್ಮಗಳು ಮರಳುವ ದಿಕ್ಕು. ಅಲ್ಲಿನ ದ್ವೀಪಗಳಲ್ಲಿ ಅವರ ಪ್ರಾಚೀನ ಪೂಜಾಸ್ಥಳಗಳಿವೆ. ಪ್ರಕೃತಿಗೂ ಸಂಸ್ಕೃತಿಗೂ ಒಟ್ಟಿಗೇ 2010ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. 2016ರ ಆಗಸ್ಟ್ 26ರಂದು ಒಬಾಮ ಅದರ ಎಲ್ಲೆಯನ್ನು ಮತ್ತೆ ಹಿಗ್ಗಿಸಿದರು. ಈಗ 15 ಲಕ್ಷ ಚದರ ಕಿಲೋಮೀಟರ್. ಎಂಟು ಕರ್ನಾಟಕಕ್ಕೆ ಕೂದಲೆಳೆಯಷ್ಟು ಕಡಿಮೆ, ಭಾರತದ ಅರ್ಧದ ಹತ್ತಿರ. ಎಕರೆಯಲ್ಲಿ 37 ಕೋಟಿ. ಡೆವಿಲ್ಸ್ ಟವರಿನ ಮೊದಲ ಬೇಲಿಗೆ ಹೋಲಿಸಿದರೆ 3,23,000 ಪಟ್ಟು! ಅದೂ ಆ ನಾಲ್ಕು ಕಲಮಿನ ಕಾನೂನಿನ ಬಲದಿಂದಲೇ.

ಏಳು ಸಾವಿರಕ್ಕೂ ಹೆಚ್ಚು ಬಗೆಯ ಜೀವಿಗಳು ಈ ನೀರಲ್ಲಿವೆ. ಅವುಗಳಲ್ಲಿ ಕಾಲುಭಾಗ ಜಗತ್ತಿನ ಬೇರೆಲ್ಲೂ ಇಲ್ಲ. ಕಡಲಹಕ್ಕಿಗಳೇ 1.4 ಕೋಟಿ. ಇಷ್ಟು ನೀರಿನ ನಡುವೆ ಹಕ್ಕಿಗಳಿಗೆ ಕಾಲೂರಲು ಇರುವ ಒಣ ನೆಲ ಬಲು ಅಲ್ಪ. ಮಿಡ್‌ವೇ ದ್ವೀಪಗಳದ್ದು ಎಲ್ಲ ಸೇರಿ ಆರು ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅಲ್ಲಿ ಮತ್ತೆ ಲಾಲ್‌ಬಾಗ್ ಅಳತೆಯೇ ಬೇಕು, ಆರೂವರೆ ಲಾಲ್‌ಬಾಗ್. ಅದರೊಳಗೆ ಸುಮಾರು 30 ಲಕ್ಷ ಹಕ್ಕಿಗಳು, ಎಕರೆಗೆ 1,900ಕ್ಕಿಂತ ಹೆಚ್ಚು!

ಆ 30 ಲಕ್ಷದಲ್ಲಿ ಒಂದು ಹಕ್ಕಿಗೆ ಹೆಸರಿದೆ, ವಿಸ್ಡಮ್. ಲೇಸನ್ ಆಲ್ಬಟ್ರಾಸ್ ಜಾತಿಯ ಈ ಹೆಣ್ಣುಹಕ್ಕಿಯ ಕಾಲಿಗೆ ಚಾಂಡ್ಲರ್ ರಾಬಿನ್ಸ್ ಎಂಬ ಪಕ್ಷಿವಿಜ್ಞಾನಿ 1956ರಲ್ಲಿ ಉಂಗುರ ತೊಡಿಸಿದರು. ಆಗಲೇ ಅದು ಮೊಟ್ಟೆಯಿಡುವ ವಯಸ್ಸಿನದು. ನಮ್ಮ ಕನ್ನಡನಾಡು ಒಂದಾದ ವರ್ಷವೂ ಅದೇ. ಅಂದಿನಿಂದ ಅದು ಹಾರಿದ ದೂರ 30 ಲಕ್ಷ ಮೈಲಿ ಇರಬೇಕೆಂದು ವಿಜ್ಞಾನಿಗಳು ಎಂದೋ ಅಂದಾಜು ಮಾಡಿದ್ದರು. ಭೂಮಿಯನ್ನು 120 ಸುತ್ತು ಸುತ್ತಿದಂತೆ. ಆಮೇಲೂ ಅದು ಹಾರುತ್ತಲೇ ಇತ್ತು. 2024ರ ನವೆಂಬರಿನಲ್ಲಿ, ಸುಮಾರು 74ನೇ ವಯಸ್ಸಿನಲ್ಲಿ, ಮಿಡ್‌ವೇಗೆ ಬಂದು ಮತ್ತೊಂದು ಮೊಟ್ಟೆಯಿಟ್ಟಿತು. ಮರಿಗೆ ತುತ್ತು ತರಲು ಈ ಜಾತಿಯ ಹಕ್ಕಿಗಳು ಸಾವಿರಾರು ಕಿಲೋಮೀಟರ್ ಹಾರಿ ಜಪಾನಿನ ಕಡೆಗೂ ಅಲಾಸ್ಕದ ನೀರಿಗೂ ಹೋಗುತ್ತವೆ. ಎಂಟು ಕರ್ನಾಟಕದಷ್ಟು ಬೇಲಿ ಹಾಕಿದರೂ ಅವುಗಳ ಒಂದು ಹೊತ್ತಿನ ಊಟದ ಹಾದಿ ಅದರೊಳಗೆ ಹಿಡಿಸುವುದಿಲ್ಲ.